ಸೈಕಲ್ ಸವಾರನ ಸುಖದುಃಖ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರುಗಳ ಎತ್ತರದಲ್ಲಿದೆಯೆಂಬುದು ಶಾಲೆಯ ಹುಡುಗರಿಗೂ ಗೊತ್ತಿರುವ ಸಂಗತಿ. ಆದರೆ ಆ ಎತ್ತರವು ಮಣೆಯ ಹಾಗೆ ಸಮತಟ್ಟಾಗಿಲ್ಲ, ಮುದುರಿಬಿದ್ದ ಜಮಖಾನದಂತೆ ಮಡಿಕೆ ಮಡಿಕೆಯಾಗಿದೆ ಎಂಬುದು ಎಲ್ಲರ ಅನುಭವಕ್ಕೂ ಬಂದಿರಲಾರದು. ಕಾರಿನಲ್ಲಿ ಕುಳಿತವನಿಗೆ ಅದು ತಿಳಿಯುವುದಿಲ್ಲ. ಅವನ ಪರವಾಗಿ ಎಂಜಿನ್ನು ಏದುಸಿರು ಬಿಡುತ್ತದೆ. ಬಸ್ಸಿನಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಅವನ ಗಮನವೆಲ್ಲ ಜೇಬಿನ ಮೇಲಿರುತ್ತದೆ. ಪೂರ್ತಿಯಾಗಿ ತಿಳಿಯುವುದು ಸೈಕಲ್ ಸವಾರನೊಬ್ಬನಿಗೇ. ಯಾವ ರಸ್ತೆ ಎಲ್ಲಿಂದ ಏರುತ್ತದೆ, ಯಾವ ತಿರುವಿನಲ್ಲಿ ಆ ಏರು ಮುಗಿದಂತೆ ತೋರಿಸಿ ಮೋಸಮಾಡುತ್ತದೆ, ಎಲ್ಲಿಂದ ಎಲ್ಲಿಯವರೆಗೆ ಕಾಲಿಗೆ ವಿರಾಮ, ಇದನ್ನೆಲ್ಲ ಅವನ ಮೊಣಕಾಲುಗಳು ಲೆಕ್ಕ ಬರೆದಿಟ್ಟುಕೊಂಡಿರುತ್ತವೆ.

ಅವನಿಗೆ ಅರಿವಿಲ್ಲದೆಯೇ ತಿಳಿದಿರುವ ಇನ್ನೊಂದು ವಿಷಯವುಂಟು. ಈ ಊರಿನಲ್ಲಿ ಪೆಡಲ್ ತುಳಿಯದೆಯೇ ಗಾಲಿ ತಾನಾಗಿ ಓಡತೊಡಗಿತೆಂದರೆ, ಆ ಇಳಿಜಾರಿನ ಕೊನೆಯಲ್ಲಿ ಬಹುಮಟ್ಟಿಗೆ ಒಂದು ಕೆರೆಯಿದೆ, ಇಲ್ಲವೆ ಹಿಂದೊಮ್ಮೆ ಇತ್ತು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯಿದ್ದ ತಗ್ಗಿನಲ್ಲಿ. ಕೆರೆಗಳನ್ನು ಊರು ಮರೆತಿದೆ. ಸೈಕಲ್ಲಿನ ಗಾಲಿ ಮರೆತಿಲ್ಲ. ಬೆಳಿಗ್ಗೆ ಹಾಯಾಗಿ ಇಳಿದ ತಗ್ಗನ್ನು ಸಂಜೆ ಹಸಿದ ಹೊಟ್ಟೆಯಲ್ಲಿ ಏರಲೇಬೇಕಾಗುತ್ತದೆಯಾದ್ದರಿಂದ, ಇಳಿಜಾರು ಕೊಟ್ಟದ್ದು ಸುಖವಲ್ಲ, ಸಾಲ ಎಂಬ ತತ್ತ್ವವೂ ಸವಾರನಿಗೆ ಯಾವ ಗುರುವಿನ ಉಪದೇಶವೂ ಇಲ್ಲದೆ ಮನವರಿಕೆಯಾಗುತ್ತದೆ.

ಇಂಥ ಸವಾರರಲ್ಲೊಬ್ಬರು ಬನಶಂಕರಿಯಿಂದ ವಿಧಾನಸೌಧದ ಸಮೀಪದ ಸರ್ಕಾರಿ ಕಚೇರಿಯೊಂದಕ್ಕೆ ದಿನವೂ ಸೈಕಲ್ಲಿನಲ್ಲಿ ಹೋಗಿಬರುವ ಗುಮಾಸ್ತರು. ಸರ್ಕಾರದ ಕಾಗದಗಳಲ್ಲಿ ಅವರ ಹುದ್ದೆಗೆ ಈಗ ಬೇರೆ ಹೆಸರಿದೆ. ಆದರೆ ಕೆಲಸ ಹಿಂದಿನದೇ ಆದ್ದರಿಂದ ಹೆಸರೂ ಹಿಂದಿನದೇ ಇರಲಿ. ವಯಸ್ಸು ಐವತ್ತಾರು. ದಾರಿ ಒಂಬತ್ತು ಕಿಲೋಮೀಟರು. ಸೈಕಲ್ಲು ಹಳೆಯ ಕಾಲದ ಕಪ್ಪು ಬಣ್ಣದ್ದು. ಇಪ್ಪತ್ತೆಂಟು ಅಂಗುಲದ ಗಾಲಿ, ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ಬಂದರೆ ಗಾಲಿ ಸುಮಾರು ಎರಡೂವರೆ ಸುತ್ತು ಬರುತ್ತದೆ. ಸವಾರ ಐದೂವರೆ ಮೀಟರಿನಷ್ಟು ಮುಂದಕ್ಕೆ ಸಾಗುತ್ತಾನೆ. ಕಡತಗಳಲ್ಲಿ ಕೂಡುವುದು ಕಳೆಯುವುದು ಅಭ್ಯಾಸವಾದ ಗುಮಾಸ್ತರು ಈ ಲೆಕ್ಕವನ್ನೂ ಒಂದು ದಿನ ಮಾಡಿಟ್ಟಿದ್ದಾರೆ. ಮನೆಯಿಂದ ಕಚೇರಿಗೆ 1650ರಷ್ಟು ಸುತ್ತುಗಳು. ಇಳಿಜಾರಿನ ರಿಯಾಯಿತಿಯನ್ನು ಅದರಲ್ಲಿ ಕಳೆಯತಕ್ಕದ್ದು.

ಹೊರಡುವ ಮುನ್ನ ನಡೆಯುವ ಸಿದ್ಧತೆ ಒಂದು ಸಣ್ಣ ಪೂಜೆಯಂತಿರುತ್ತದೆ. ಮೊದಲು ಎರಡೂ ಟಯರುಗಳನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿಯ ಪರೀಕ್ಷೆ. ಅನಂತರ ಬ್ರೇಕು, ಬೆಲ್ಲು. ಬಲಗಾಲಿನ ಪ್ಯಾಂಟಿಗೆ ಕ್ಲಿಪ್ಪು. ಅದನ್ನು ಮರೆತ ದಿನ ಚೈನು ತನ್ನ ಎಣ್ಣೆಯ ಮುದ್ರೆಯನ್ನು ಒತ್ತದೆ ಬಿಡುವುದಿಲ್ಲ. ಕ್ಯಾರಿಯರಿನ ಮೇಲೆ ಊಟದ ಡಬ್ಬಿ, ಒಂದು ಚೀಲದಲ್ಲಿ ಇಸ್ತ್ರಿ ಮಾಡಿದ ಇನ್ನೊಂದು ಅಂಗಿ. ಬೆವರಿದ ಅಂಗಿಯಲ್ಲಿ ಮೇಲಧಿಕಾರಿಯ ಮುಂದೆ ನಿಲ್ಲುವ ಅವಮಾನಕ್ಕೆ ಅವರು ಕಂಡುಕೊಂಡ ಪರಿಹಾರ ಅದು. ಅಷ್ಟರಲ್ಲಿ ಮನೆಯಾಕೆ ಬಾಗಿಲಿಗೆ ಬಂದು ಆಕಾಶ ನೋಡುತ್ತಾರೆ.

“ಮೋಡ ಕವಿದಿದೆಯಲ್ಲರೀ, ಇವತ್ತೊಂದು ದಿನ ಬಸ್ಸಿನಲ್ಲಿ ಹೋಗಬಾರದೆ?”

“ಮೋಡಕ್ಕೆ ಹೆದರಿದರೆ ಬೆಂಗಳೂರಿನಲ್ಲಿ ಸೈಕಲ್ ತುಳಿದ ಹಾಗೇ ಸರಿ ಕಣೇ. ಬರುವುದಿದ್ದರೂ ಸಂಜೆಯೇ ಬರುವುದು.”

“ಬರುವುದೂ ಸಂಜೆಯೇ ಅಲ್ಲವೆ ನೀವು?”

ಈ ಪ್ರಶ್ನೆಗೆ ಗುಮಾಸ್ತರಲ್ಲಿ ಉತ್ತರವಿಲ್ಲ. ಮೇ ತಿಂಗಳ ಗುಡುಗು ಮಳೆಯಾಗಲಿ, ಸೆಪ್ಟೆಂಬರಿನ ಜೋರು ಮಳೆಯಾಗಲಿ, ಕಚೇರಿ ಬಿಡುವ ಹೊತ್ತನ್ನು ಹೇಗೋ ತಿಳಿದುಕೊಂಡಿರುತ್ತದೆ. ಸೀಟಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲವೂ ಮೈಮೇಲಿನ ಮಳೆಯಂಗಿಯೂ ಮೊದಲ ಹತ್ತು ನಿಮಿಷ ಮರ್ಯಾದೆ ಕಾಯುತ್ತವೆ. ಆಮೇಲೆ ಸವಾರನೂ ಮಳೆಯೂ ಒಂದೇ.

ಹೆಂಡತಿ ಬಾಗಿಲಲ್ಲಿ ನಿಲ್ಲುವುದು ಮಳೆಯ ಭಯದಿಂದಲೇ ಅಲ್ಲ. ರಸ್ತೆಯ ಎಡ ಅಂಚಿನಲ್ಲಿ ಒಂದೂವರೆ ಅಡಿ ಜಾಗ ಸೈಕಲ್ಲಿಗೆ ಸಲ್ಲುತ್ತದೆಯೆಂಬುದು ನಂಬಿಕೆ. ಆ ಒಂದೂವರೆ ಅಡಿಯಲ್ಲಿ ಮೋರಿಯ ಕಂಬಿಗಳಿವೆ, ಜಲ್ಲಿಯಿದೆ, ಎದುರು ದಿಕ್ಕಿನಿಂದ ನುಗ್ಗಿಬರುವ ಮೋಟಾರು ಸೈಕಲ್ಲುಗಳಿವೆ, ನಿಲ್ದಾಣಕ್ಕೆಂದು ಎಡಕ್ಕೆ ಸರಿಯುವ ಸಿಟಿ ಬಸ್ಸಿದೆ. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಸದ್ದಿಲ್ಲದೆ ನಿಂತಿರುವ ಕಾರಿಗೆ. ಒಳಗಿದ್ದವನು ಹಿಂದೆ ನೋಡದೆ ಬಾಗಿಲು ತೆರೆದನೆಂದರೆ ಸವಾರನಿಗೆ ಬಲಗಡೆ ಲಾರಿ, ಎದುರಿಗೆ ಬಾಗಿಲು. ಆದ್ದರಿಂದ ಅನುಭವಸ್ಥರು ನಿಂತ ಕಾರಿನಿಂದ ಒಂದು ಬಾಗಿಲಿನಷ್ಟು ದೂರವನ್ನು ಬಿಟ್ಟೇ ಹೋಗುತ್ತಾರೆ. ಹಾಗೆ ಬಿಟ್ಟು ಹೋದರೆ ಹಿಂದಿನವನು ಹಾರನ್ನು ಒತ್ತುತ್ತಾನೆ. ಹಾರನ್ನಿನ ದನಿಯಿಂದಲೇ ಬರುವವನ ಸ್ವಭಾವವನ್ನು ಹೇಳಬಲ್ಲ ವಿದ್ಯೆ ಗುಮಾಸ್ತರಿಗೆ ಸಿದ್ಧಿಸಿದೆ: ಒಂದು ಸಲ ಮೆಲ್ಲನೆ ಒತ್ತಿದವನು ಸಂಸಾರಸ್ಥ, ಬಿಡದೆ ಒತ್ತುವವನಿಗೆ ಜಾಗ ಬಿಡುವುದೇ ಕ್ಷೇಮ.

ಏಕಮುಖ ಸಂಚಾರದ ಕಟ್ಟಳೆಯೂ ಅಂಥದೇ ಒಂದು ವಿಚಿತ್ರ. ಅದನ್ನು ಮಾಡಿದ್ದು ಮೋಟಾರುಗಳ ದಟ್ಟಣೆಯನ್ನು ತಡೆಯಲು. ಮೋಟಾರಿಗೆ ಒಂದು ಕಿಲೋಮೀಟರು ಸುತ್ತಿ ಬರುವುದೆಂದರೆ ಎರಡು ನಿಮಿಷದ ಮಾತು. ಸೈಕಲ್ಲಿನವನು ಅದೇ ಸುತ್ತನ್ನು 180 ಸಲ ಪೆಡಲ್ ತಿರುಗಿಸಿ ತೀರಿಸಬೇಕು. ದಟ್ಟಣೆಗೆ ಕಾರಣನಾಗದವನು ಅದರ ದಂಡವನ್ನು ಕಾಲಿನಿಂದ ತೆರುತ್ತಾನೆ.

ಹಾಗಾದರೆ ಇದರಲ್ಲಿ ಸುಖವೇ ಇಲ್ಲವೆ ಎಂದು ವಾಚಕರು ಕೇಳಬಹುದು. ಇದೆ, ಅದನ್ನು ದುಡ್ಡು ಕೊಟ್ಟು ಕೊಳ್ಳುವಂತಿಲ್ಲ. ಬೇಸಗೆಯ ಬಿಸಿಲಿನಲ್ಲಿ ಬೆಂದು ಬಂದವನು ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಹೊಕ್ಕ ಕ್ಷಣ, ಬಾವಿಗೆ ಇಳಿದಂತೆ ತಂಪು ಮೈಗೆ ತಾಗುತ್ತದೆ. ಗಾಜು ಏರಿಸಿದ ಕಾರಿನವನಿಗೆ ಆ ಗೆರೆ ಎಲ್ಲಿದೆಯೆಂಬುದೂ ತಿಳಿಯದು. ಲಾಲ್‌ಬಾಗಿನ ಮೇಲ್ವಿಚಾರಣೆಗೆ 1908ರಲ್ಲಿ ಬಂದ ಜರ್ಮನಿಯ ಸಸ್ಯಶಾಸ್ತ್ರಜ್ಞ ಕ್ರುಂಬಿಗಲ್ಲರು, ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಈ ಊರಿನ ಬೀದಿಗಳಿಗೆ ಮರಗಳನ್ನು ಆರಿಸಿ ಹಾಕಿಸಿದರೆಂದು ಹೇಳುತ್ತಾರೆ. ಅವರು ಹಾಕಿದ ಪಂಚಾಂಗವನ್ನು ಇಂದಿಗೂ ನಿತ್ಯ ಓದುವವನು ಸೈಕಲ್ ಸವಾರನೇ. ಟಬೂಬಿಯ ಗುಲಾಬಿ ಬಣ್ಣ ಚೆಲ್ಲಿದರೆ ಶಿವರಾತ್ರಿಯ ಆಸುಪಾಸು. ಜಕರಂಡದ ನೀಲಿ ಕಂಡರೆ ಯುಗಾದಿ ಬಂತು. ಗುಲ್‌ಮೊಹರ್ ಕೆಂಡವಾದರೆ ಮಕ್ಕಳಿಗೆ ರಜ. ಹೊಂಗೆಯ ಹೂ ಉದುರಿದ ರಸ್ತೆಯ ಮೇಲೆ ಗಾಲಿ ಹರಿದಾಗ ಆಗುವ ಮೆತ್ತನೆಯ ಸದ್ದನ್ನು ಕೇಳಿದವರು ಈ ಊರಿನಲ್ಲಿ ಎಷ್ಟು ಜನ?

ಸೈಕಲ್ಲು ಅಷ್ಟೇನೂ ಪುರಾತನ ವಸ್ತುವಲ್ಲ. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬವನು ಎರಡು ಗಾಲಿಯ ಮರದ ಗಾಡಿಯೊಂದನ್ನು ಓಡಿಸಿ ತೋರಿಸಿದ್ದು 1817ರಲ್ಲಿ. ಅದಕ್ಕೆ ಪೆಡಲೇ ಇರಲಿಲ್ಲ, ನೆಲವನ್ನು ಕಾಲಿನಿಂದ ಒದೆಯಬೇಕಾಗಿತ್ತು. ಇಂಗ್ಲೆಂಡಿನ ಸ್ಟಾರ್ಲಿ 1885ರಲ್ಲಿ ಸರಿಸಮ ಗಾಲಿಗಳ, ಚೈನಿನ ಸೈಕಲ್ಲನ್ನು ತಂದ. ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದ. ಪಂಕ್ಚರಿನ ಇತಿಹಾಸವೂ ಅಂದಿನಿಂದಲೇ ಆರಂಭವಾಯಿತೆನ್ನಬಹುದು. ಆಮೇಲೆ ಮೂಲಸ್ವರೂಪದಲ್ಲಿ ದೊಡ್ಡ ಬದಲಾವಣೆಯಾಗಿಲ್ಲ. ಗುಮಾಸ್ತರ ಸೈಕಲ್ಲನ್ನು ಸ್ಟಾರ್ಲಿ ಕಂಡಿದ್ದರೆ ಗುರುತು ಹಿಡಿಯುತ್ತಿದ್ದ.

ಈ ಊರಿಗೆ ಸೈಕಲ್ಲಿನ ವೈಭವದ ದಿನಗಳು ಬಂದದ್ದು ಕಾರ್ಖಾನೆಗಳೊಂದಿಗೆ. ವಿಮಾನ ಕಾರ್ಖಾನೆ 1940ರಲ್ಲಿ, ದೂರವಾಣಿ ಕಾರ್ಖಾನೆ 1948ರಲ್ಲಿ, ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ ಸ್ಥಾಪನೆಯಾದವು. ಗುಮಾಸ್ತರ ತಂದೆ 1958ರಲ್ಲಿ ಎಚ್.ಎಂ.ಟಿ.ಯಲ್ಲಿ ಫಿಟ್ಟರಾಗಿ ಸೇರಿ ಮಲ್ಲೇಶ್ವರದಿಂದ ಜಾಲಹಳ್ಳಿಗೆ ಸೈಕಲ್ಲಿನಲ್ಲಿಯೇ ಹೋಗುತ್ತಿದ್ದರು. ಪಾಳಿ ಬಿಟ್ಟ ಕೂಗು ಕೇಳಿದ ಮೇಲೆ ರಸ್ತೆಯ ಅಗಲಕ್ಕೂ ಸೈಕಲ್ಲುಗಳೇ. ಅಪರೂಪಕ್ಕೆ ಬಂದ ಮೋಟಾರು ಅವು ದಾಟಿಹೋಗುವವರೆಗೆ ಕಾದು ನಿಲ್ಲುತ್ತಿತ್ತಂತೆ. ಸೈಕಲ್ಲಿಗೂ ಆಗ ಸರ್ಕಾರದ ಮನ್ನಣೆಯಿತ್ತು: ನಗರಸಭೆಗೆ ಕಂದಾಯ ಕಟ್ಟಿ ಲೋಹದ ಬಿಲ್ಲೆಯನ್ನು ಪಡೆದು ಸೈಕಲ್ಲಿಗೆ ಬಿಗಿಯಬೇಕಾಗಿತ್ತು. ಬಿಲ್ಲೆಯಿಲ್ಲದಿದ್ದರೆ ದಂಡ, ರಾತ್ರಿ ದೀಪವಿಲ್ಲದಿದ್ದರೆ ದಂಡ, ಇಬ್ಬರು ಕುಳಿತರೆ ದಂಡ. ದೂರದಲ್ಲಿ ಪೊಲೀಸಿನವನ ಟೋಪಿ ಕಂಡೊಡನೆ ಹಿಂದೆ ಕುಳಿತಿದ್ದ ಗೆಳೆಯ ಧುಮುಕಿ, ಏನೂ ಅರಿಯದ ಪಾದಚಾರಿಯಾಗಿಬಿಡುವ ದೃಶ್ಯ ಎಲ್ಲ ಊರುಗಳಲ್ಲಿಯೂ ಇತ್ತು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಅಡ್ಡಕಂಬಿಯ ಕೆಳಗಿನಿಂದ ಕಾಲು ತೂರಿಸಿ, ಮೊಣಕೈ ಕೆತ್ತಿಸಿಕೊಂಡು ಕಲಿತ ಮಕ್ಕಳೇ ಮುಂದೆ ವಕೀಲರೂ ವೈದ್ಯರೂ ಪ್ರಾಧ್ಯಾಪಕರೂ ಆದರು.

ಅವರು ಸೈಕಲ್ಲಿನಿಂದ ಇಳಿದದ್ದು ಒಂದೇ ದಿನದಲ್ಲಲ್ಲ. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದರು. 1980ರಲ್ಲಿ ಟಿ.ವಿ.ಎಸ್. ಮೊಪೆಡ್ ಬಂತು, 1983ರ ಕೊನೆಯಲ್ಲಿ ಮಾರುತಿ ಕಾರು ಬಂತು, 1985ರಲ್ಲಿ ಹೀರೊ ಹೊಂಡ ಮೋಟಾರು ಸೈಕಲ್ಲು ಬಂತು. ದೂರ ಬೆಳೆಯಿತು, ಸಂಬಳವೂ ಬೆಳೆಯಿತು. ದಣಿದವನು ಮೋಟಾರು ಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಮರ್ಯಾದಸ್ಥರು ಇಳಿದ ಮೇಲೆ ಸೈಕಲ್ಲಿನ ಮರ್ಯಾದೆಯೂ ಇಳಿಯಿತು. ವಕೀಲರು ಸೈಕಲ್ಲಿನಲ್ಲಿ ಹೋಗುತ್ತಿದ್ದಷ್ಟು ಕಾಲ ರಸ್ತೆ ಅವರನ್ನು ಕಂಡು ಸರಿದುಕೊಳ್ಳುತ್ತಿತ್ತು. ಅವರ ಮನೆಯ ಕಾವಲುಗಾರ ಅದೇ ರಸ್ತೆಯಲ್ಲಿ ಹೋಗುವಾಗ ಸರಿಯಬೇಕಾದವನು ಅವನೇ ಆದ.

ಸೈಕಲ್ಲು ಮಾಯವಾಗಿದೆಯೆಂದು ತಿಳಿದವರು 2011ರ ಜನಗಣತಿಯನ್ನು ನೋಡಬೇಕು. ಬೇಸಾಯದ ಹೊರಗಿನ ಕೆಲಸಗಾರರು ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಅದರಲ್ಲಿ ಕೇಳಿದ್ದರು. ದೇಶದಲ್ಲಿ ಅಂಥವರ ಪೈಕಿ ನೂರಕ್ಕೆ ಸುಮಾರು 13 ಮಂದಿ, ಎಂದರೆ ಎರಡೂವರೆ ಕೋಟಿಗೂ ಮಿಕ್ಕಿ ಜನ, ಸೈಕಲ್ಲಿನಲ್ಲಿ ಹೋಗುತ್ತೇವೆಂದು ಬರೆಸಿದರು. ಅದೇ ಗಣತಿಯಂತೆ ದೇಶದ ನೂರು ಮನೆಗಳಲ್ಲಿ 45ರಷ್ಟು ಮನೆಗಳಲ್ಲಿ ಸೈಕಲ್ಲು ಇತ್ತು. ಬೆಂಗಳೂರಿನಲ್ಲಿ ಮೋಟಾರು ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿರುವ ಈ ಕಾಲದಲ್ಲಿಯೂ ನಸುಕಿನ ಐದೂವರೆಗೆ, ರಾತ್ರಿ ಎಂಟರ ಮುನ್ನ, ರಸ್ತೆಯ ಅಂಚಿನಲ್ಲಿ ಕಣ್ಣಿಟ್ಟು ನೋಡಿದರೆ ಅವರು ಕಾಣುತ್ತಾರೆ. ಕಾವಲಿನವರು, ತೋಟದ ಮಾಲಿಗಳು, ಹೋಟೆಲಿನ ಮಾಣಿಗಳು, ಗಾರೆಯವರು, ಕ್ಯಾರಿಯರಿನ ಮೇಲೆ ಕಾಫಿಯ ಫ್ಲಾಸ್ಕು ಕಟ್ಟಿಕೊಂಡು ಮಾರುವವರು. ಕಾಣದಿರುವುದು ಕಣ್ಣಿನ ದೋಷ.

ಅವರಿಗಾಗಿ ಊರು ಏನೂ ಮಾಡಿಲ್ಲವೆನ್ನಲಾಗದು. ಜಯನಗರದ ಬೀದಿಗಳ ಅಂಚಿನಲ್ಲಿ ಸೈಕಲ್ಲಿನ ಪಥವನ್ನು ಗುರುತು ಮಾಡಿದರು. ಕಾರುಗಳು ಅದನ್ನು ತಮಗಾಗಿ ಮಾಡಿದ ತಂಗುದಾಣವೆಂದು ತಿಳಿದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟಗಳನ್ನು ನೆಟ್ಟು ಸೈಕಲ್ಲಿಗೆ ದಾರಿ ಬಿಡಿಸಿದರು. ಗೂಟಗಳು ಬಹುಕಾಲ ಉಳಿಯಲಿಲ್ಲ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಿಂದ ಸಾರ್ವಜನಿಕ ಬಾಡಿಗೆ ಸೈಕಲ್ಲುಗಳು ಬಂದಾಗ, ಹಿಂದಿನ ಬಾಡಿಗೆ ಅಂಗಡಿಗಳನ್ನು ಕಂಡಿದ್ದ ಹಿರಿಯರು ನಕ್ಕರೂ ಸಂತೋಷಪಟ್ಟರು. ಹಾಲೆಂಡಿನವರು ಹುಟ್ಟಿನಿಂದಲೇ ಸೈಕಲ್ ಪ್ರಿಯರು, ಈ ದೇಶಕ್ಕೆ ಅದು ಒಗ್ಗುವುದಿಲ್ಲವೆಂದು ವಾದಿಸುವವರುಂಟು. ಹಾಲೆಂಡಿನ ರಸ್ತೆಗಳಲ್ಲಿ 1971ರೊಂದರಲ್ಲಿಯೇ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಗಳು ಬೀದಿಗಿಳಿದು ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂದು ಕೂಗಿದ ಮೇಲೆ ಅಲ್ಲಿಯ ರಸ್ತೆಗಳು ಬದಲಾದವು. ಯಾವ ದೇಶದ ರಸ್ತೆಯೂ ತಾನಾಗಿ ಸಜ್ಜನನಾಗುವುದಿಲ್ಲ.

ಗುಮಾಸ್ತರ ದಾರಿಯಲ್ಲಿ ಪ್ರತಿದಿನ ಬೆಳಿಗ್ಗೆ ಎದುರಾಗುವ ಸವಾರನೊಬ್ಬನಿದ್ದ. ನೀಲಿ ಸಮವಸ್ತ್ರ, ಹ್ಯಾಂಡಲಿಗೆ ನೇತುಹಾಕಿದ ಬುತ್ತಿಯ ಚೀಲ, ನಿದ್ದೆಗೆಟ್ಟ ಕಣ್ಣು. ಇಬ್ಬರೂ ಒಮ್ಮೊಮ್ಮೆ ಬೆಲ್ಲು ಬಾರಿಸಿ ಸಾಗುತ್ತಿದ್ದರು. ಒಂದು ದಿನ ಗುಮಾಸ್ತರ ಹಿಂದಿನ ಟಯರಿಗೆ ಮೊಳೆ ಹೊಕ್ಕಿ ಅವರು ಸೈಕಲ್ಲನ್ನು ತಳ್ಳುತ್ತಿರುವಾಗ ಆತ ಇಳಿದು ಬಂದ.

“ಪಂಚರ್ ಆಗೈತೇನ್ರಿ ಸರ? ಅರಳಿ ಗಿಡದ ಕೆಳಗ ಒಬ್ಬಾವ ಕೂಡ್ತಾನ್ರಿ. ಬರ್ರಿ ತೋರಸ್ತೀನಿ.”

ಅರಳಿ ಮರದ ಕೆಳಗಿನ ಅಂಗಡಿಯೆಂದರೆ ಒಂದು ಮರದ ಪೆಟ್ಟಿಗೆ, ಒಂದು ಪಂಪು, ನೀರು ತುಂಬಿದ ಒಂದು ಬಾಣಲೆ. ಮುದುಕ ಟ್ಯೂಬನ್ನು ಹೊರಕ್ಕೆಳೆದು, ಗಾಳಿ ಹೊಡೆದು, ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಯೆಂದು ನೋಡಿದ; ಕಾಗದದಿಂದ ಉಜ್ಜಿ ಸಲ್ಯೂಷನ್ ಹಚ್ಚಿ ಆರಲು ಬಿಟ್ಟ. ಆ ಆರುವ ಹೊತ್ತಿನಲ್ಲಿ ಇಬ್ಬರಿಗೂ ಮಾತು ಬೆಳೆಯಿತು. ಆತ ಕೊಪ್ಪಳದ ಕಡೆಯವನು. ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಕಾವಲು. ಬಸ್ಸಿನಲ್ಲಿ ಬರಬಾರದೆ ಎಂದು ಗುಮಾಸ್ತರು ಕೇಳಿದರು. ತಮಗೆ ಮನೆಯಲ್ಲಿ ನಿತ್ಯ ಬೀಳುವ ಪ್ರಶ್ನೆಯೇ ಅದು ಎಂಬುದು ಆಗ ಅವರಿಗೆ ಹೊಳೆದಿರಲಾರದು.

“ಬಸ್ಸಿನ ರೊಕ್ಕ ಮಗಳ ಫೀಸಿಗೆ ಆಗತೈತ್ರಿ ಸರ,” ಎಂದು ಆತ ನಕ್ಕ.

ಅದಾದ ಕೆಲವು ತಿಂಗಳಿಗೆ ಆತನ ಬೆಲ್ಲು ನಿಂತುಹೋಯಿತು. ಊರಿಗೆ ಹೋಗಿರಬೇಕೆಂದು ಗುಮಾಸ್ತರು ಭಾವಿಸಿದರು. ನಾಲ್ಕನೆಯ ವಾರ ಆತ ಅದೇ ರಸ್ತೆಯಲ್ಲಿ ನಡೆದು ಬರುತ್ತಿದ್ದ, ಎಡಗೈ ಕಟ್ಟಿನಲ್ಲಿತ್ತು. ಗುಮಾಸ್ತರು ಇಳಿದರು.

“ಏನಾಯಿತಪ್ಪ?”

“ರಾತ್ರಿ ಡ್ಯೂಟಿಗೆ ಬರಾಕತ್ತಿದ್ನಿರಿ. ಹಿಂದಿನಿಂದ ಕಾರು ತಾಗಿಸಿ ಹೋತ್ರಿ. ನಿಲ್ಲಿಸ್ಲಿಲ್ರಿ. ಮುಂಗೈ ಮುರದೈತಿ.”

“ದೀಪ ಇರಲಿಲ್ಲವೆ ಸೈಕಲ್ಲಿಗೆ?”

“ಇತ್ರಿ ಸರ. ಹಿಂದ ಕೆಂಪು ದೀಪ ನಾನೇ ಹಾಕ್ಸಿದ್ದೆ. ಸೈಕಲ್ ಗೇಟಿನ ಒಳಗ ಬಿಡಂಗಿಲ್ರಿ ಅವರು, ಹೊರಗ ಫುಟ್‌ಪಾತಿನ ಮ್ಯಾಲ ನಿಲ್ಲಿಸ್ಬೇಕು. ನಾ ಒಳಗ ಅವರ ಕಾರು ಕಾಯಾಕತ್ತಿದ್ನಿ, ಹೊರಗ ಯಾರೋ ನನ್ನ ದೀಪ ಕಿತ್ಕೊಂಡು ಹೋದ್ರು. ಪಗಾರ ಆದ ಮ್ಯಾಲ ಹಾಕಸೋಣಂತ ಸುಮ್ನಿದ್ದೆ.”

ಅಷ್ಟು ಹೇಳಿ ಆತ, “ನೀವು ದೀಪ ಹಾಕ್ಸೀರಿಲ್ರಿ ಸರ?” ಎಂದು ಗುಮಾಸ್ತರ ಸೈಕಲ್ಲಿನ ಹಿಂಭಾಗವನ್ನು ಬಗ್ಗಿ ನೋಡಿದ.

ಆ ಸಂಜೆ ಗುಮಾಸ್ತರು ತಾವು ಮಗನೊಂದಿಗೆ ವಾಸವಾಗಿರುವ ಅಪಾರ್ಟ್‌ಮೆಂಟಿನ ಮುಂದೆ ಇಳಿದಾಗ ಒಳಗೆ ಹೋಗಲಿಲ್ಲ. ಗೋಡೆಯ ಹೊರಗೆ, ಹೊಂಗೆಯ ಮರಕ್ಕೂ ವಿದ್ಯುತ್ ಕಂಬಕ್ಕೂ ಸರಪಳಿ ಬಿಗಿದು ನಿಲ್ಲಿಸಿದ್ದ ಸೈಕಲ್ಲುಗಳನ್ನು ಎಣಿಸಿದರು. ಹನ್ನೊಂದಿದ್ದವು. ಅವುಗಳಲ್ಲೊಂದು ಹುಡುಗಿಯರ ಸೈಕಲ್ಲು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿತಷ್ಟೆ. ಮಗಳಿಗೆ ಶಾಲೆಯಲ್ಲಿ ಬಂದ ಆ ಸೈಕಲ್ಲನ್ನು ಅವಳ ಓದು ಮುಗಿದ ಮೇಲೆ ತೋಟದ ಮಾಲಿ ತುಳಿಯುತ್ತಿದ್ದ. ಗುಮಾಸ್ತರ ಸೈಕಲ್ಲಿಗೆ ಮಾತ್ರ ಒಳಗೆ ಮಗನ ಕಾರಿನ ಪಕ್ಕದಲ್ಲಿ ಜಾಗವಿತ್ತು. ಮಗನದೂ ಒಂದು ಸೈಕಲ್ಲಿದೆ. ಭಾನುವಾರ ಮುಂಜಾನೆ ಗೆಳೆಯರೊಡನೆ ನಂದಿಬೆಟ್ಟದ ಕಡೆಗೆ ಹೋಗುವ ವಿದೇಶೀ ಸೈಕಲ್ಲು. ಅದು ಲಿಫ್ಟಿನಲ್ಲಿ ಏರಿ ಬಂದು, ನಡುಮನೆಯಲ್ಲಿ ಗೋಡೆಗೆ ಒರಗಿ ನಿಲ್ಲುತ್ತದೆ.

ಮುಂದಿನ ತಿಂಗಳ ನಿವಾಸಿಗಳ ಸಭೆಯಲ್ಲಿ, ಎಂದೂ ಬಾಯಿ ಬಿಡದ ಗುಮಾಸ್ತರು ಎದ್ದು ನಿಂತರು. ಕೆಲಸದವರ ಸೈಕಲ್ಲುಗಳಿಗೆ ಆವರಣದೊಳಗೆ ಜಾಗ ಕೊಡಬೇಕೆಂಬುದಿಷ್ಟೇ ಅವರ ಮಾತು. ಸಭೆಗೆ ಅದು ಅನಿರೀಕ್ಷಿತ. ಜಾಗವೆಲ್ಲಿದೆ ಎಂದರು ಒಬ್ಬರು. ಅಂದ ಕೆಡುತ್ತದೆ ಎಂದರು ಇನ್ನೊಬ್ಬರು. ಇವತ್ತು ಸೈಕಲ್ಲು, ನಾಳೆ ತಳ್ಳುಗಾಡಿ ಎಂದು ಮತ್ತೊಬ್ಬರು ಭವಿಷ್ಯ ನುಡಿದರು. ನಿವೃತ್ತ ಎಂಜಿನಿಯರರೊಬ್ಬರು ಮಾತ್ರ ಅಳತೆ ಪಟ್ಟಿ ತರಿಸಿ, ಅತಿಥಿಗಳ ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ಲುಗಳು ಸುಖವಾಗಿ ನಿಲ್ಲಬಲ್ಲವೆಂದು ತೋರಿಸಿಕೊಟ್ಟರು.

“ನಿಮ್ಮ ಕಾರನ್ನು ರಾತ್ರಿಯಿಡೀ ಕಾಯುವವನು, ತನ್ನ ಸೈಕಲ್ಲನ್ನು ಕಾಯಲಾರದೆ ಹೊರಗೆ ಬಿಟ್ಟಿರುತ್ತಾನೆ. ಅದರ ದೀಪ ಹೋದರೆ ಅವನ ಕೈ ಹೋಗುತ್ತದೆ. ಇದು ನಮ್ಮ ಗೇಟಿನ ಮಾತು, ಸರ್ಕಾರವನ್ನು ಕೇಳಬೇಕಾದದ್ದಿಲ್ಲ,” ಎಂದು ಗುಮಾಸ್ತರು ಕುಳಿತರು. ಕಡತದಲ್ಲಿ ಟಿಪ್ಪಣಿ ಬರೆಯುವವರಾದ್ದರಿಂದ ಅವರ ಮಾತೂ ಟಿಪ್ಪಣಿಯಷ್ಟೇ ಉದ್ದವಿತ್ತು.

ಕೈಯೆತ್ತಿ ಒಪ್ಪಿಗೆ ಸೂಚಿಸಬೇಕೆಂದು ಅಧ್ಯಕ್ಷರು ಕೇಳಿದರು. ತಂದೆಯ ಸೈಕಲ್ಲಿನ ವಿಚಾರವಾಗಿ ಗೆಳೆಯರ ಮುಂದೆ ಹಲವು ಸಲ ಸಂಕೋಚಪಟ್ಟಿದ್ದ ಮಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಮೊದಲು ಎದ್ದ ಕೈಗಳಲ್ಲಿ ಅವನದೂ ಒಂದಾಗಿತ್ತು. ಬಹುಮತ ಬಂತು, ಹೆಚ್ಚಿನ ಅಂತರದಿಂದೇನೂ ಅಲ್ಲ. ಜನರೇಟರಿನ ಕೋಣೆಯ ಪಕ್ಕದ ಜಾಗಕ್ಕೆ ತಗಡಿನ ಮಾಡು ಹಾಕಿಸಿ, ಸೈಕಲ್ಲುಗಳಿಗೆ ಬೀಗ ಹಾಕಲು ಕಬ್ಬಿಣದ ಸಲಾಕೆಯೊಂದನ್ನು ನಿಲ್ಲಿಸುವುದೆಂದು ತೀರ್ಮಾನವಾಯಿತು. ಎರಡು ತಿಂಗಳು ತಡವಾಗಿಯಾದರೂ ಮಾಡು ಬಂತು.

ಕೊಪ್ಪಳದವನು ಕಾಯುವ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಅಂಥ ಮಾಡಿಲ್ಲ. ಅಲ್ಲಿಯ ಸಂಘಕ್ಕೆ ಗುಮಾಸ್ತರು, ತಮ್ಮ ಸಭೆಯ ನಡವಳಿಯ ಪ್ರತಿಯನ್ನ��ರಿಸಿ, ಎಂಜಿನಿಯರರ ಅಳತೆಯನ್ನೂ ಸೇರಿಸಿ ಕಾಗದ ಬರೆದಿದ್ದಾರೆ. ಸರ್ಕಾರಿ ಕೆಲಸಗಾರರಾದ ಅವರಿಗೆ ಜ್ಞಾಪನಪತ್ರಗಳನ್ನು ಕಳುಹಿಸುವುದರಲ್ಲಿ ಬೇಸರವಿಲ್ಲ. ಕೈ ಗುಣವಾಗಿ ಆತ ಮತ್ತೆ ಸೈಕಲ್ ಹತ್ತಿದ್ದಾನೆ. ಹಿಂದಿನ ಮಡ್ಗಾರ್ಡಿಗೆ ಈಗ ಹೊಸ ಕೆಂಪು ದೀಪವಿದೆ. ರಾತ್ರಿ ಕೆಲಸಕ್ಕೆ ಬಂದೊಡನೆ ಅದನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ಬೆಳಿಗ್ಗೆ ಹೊರಡುವಾಗ ಮತ್ತೆ ಸಿಕ್ಕಿಸುತ್ತಾನೆ.